ಮನೆ ಎರಡು, ಹೆಸರು ಎರಡು: ಲಾಭ ಯಾರದು, ತೆರಿಗೆ ಯಾರದು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಆದಾಯ ತೆರಿಗೆ ಕಾಯ್ದೆಯ ಕಣ್ಣಿಗೆ ದಂಪತಿ ಎಂಬುದು ಒಂದು ಘಟಕವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಎರಡು ಪ್ಯಾನ್ ಸಂಖ್ಯೆಗಳು, ಎರಡು ರಿಟರ್ನ್‌ಗಳು. ಮನೆಯಲ್ಲಿ ನಾವು 'ನಮ್ಮದು' ಎನ್ನುತ್ತೇವೆ. ಇಲಾಖೆಯವರು 'ಇದರಲ್ಲಿ ನಿಮ್ಮದೆಷ್ಟು, ನಿಮ್ಮ ಮನೆಯವರದೆಷ್ಟು, ದುಡ್ಡು ಯಾರು ಕೊಟ್ಟಿರಿ' ಎಂದು ಕೇಳುತ್ತಾರೆ. ಎರಡು ಮನೆ ಇರುವ ದಂಪತಿಗಳು ಒಂದನ್ನು ಮಾರಿದಾಗ ಬರುವ ತಕರಾರುಗಳಲ್ಲಿ ಹೆಚ್ಚಿನವು ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಇಲ್ಲದ್ದರಿಂದಲೇ ಹುಟ್ಟುತ್ತವೆ. ಉತ್ತರ ತಯಾರಾಗಬೇಕಾದದ್ದು ಮಾರುವ ದಿನವಲ್ಲ, ಕೊಳ್ಳುವ ದಿನ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಒಂದು ಅಪವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಗೋವಾ, ದಮನ್ ಮತ್ತು ದಿಯು, ದಾದ್ರಾ ಮತ್ತು ನಗರ್ ಹವೇಲಿಗಳಲ್ಲಿ ಹಳೆಯ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ ಆಸ್ತಿ ಗಂಡ ಹೆಂಡತಿ ಇಬ್ಬರಿಗೂ ಸಮಾನವಾಗಿ ಸೇರುತ್ತದೆ. ಆ ಪದ್ಧತಿಗೆ ಒಳಪಟ್ಟ ದಂಪತಿಗಳಿಗೆ ಸಂಬಳ ಬಿಟ್ಟು ಉಳಿದ ಆದಾಯವನ್ನು, ಬಂಡವಾಳ ಲಾಭವನ್ನೂ (ಆಸ್ತಿ ಮಾರಿದಾಗ ಬರುವ ಲಾಭ) ಸೇರಿಸಿ, ಅರ್ಧರ್ಧ ಹಂಚಿಯೇ ತೆರಿಗೆ ಹಾಕಬೇಕೆಂದು ಕಾಯ್ದೆಯ 5ಎ ಕಲಂ ಹೇಳುತ್ತದೆ. ಕಾರವಾರದ ಕಡೆಯವರಿಗೆ ಗೋವಾದಲ್ಲಿ ನೆಂಟರಿದ್ದರೆ ಇದು ಗೊತ್ತಿರುತ್ತದೆ. ನಮಗೆ ಆ ಅನುಕೂಲವಿಲ್ಲ.

ಕಲಂಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸಂಖ್ಯೆಗಳು ಬದಲಾಗಿವೆ. ಇವತ್ತಿನ ವಿಷಯದ ಮಟ್ಟಿಗೆ ತಿರುಳು ಬದಲಾಗಿಲ್ಲ. ಆಡಿಟರುಗಳ ಬಾಯಲ್ಲಿ ಇನ್ನೂ 54, 54ಎಫ್, 64 ಎಂಬ ಹಳೆಯ ಸಂಖ್ಯೆಗಳೇ ಓಡಾಡುತ್ತಿವೆ. ನಾನೂ ಅವನ್ನೇ ಬಳಸುತ್ತೇನೆ.

ಈ ಸಭೆಯಲ್ಲಿ ಮಕ್ಕಳು ವಿದೇಶದಲ್ಲಿರುವವರು ಬಹಳ ಮಂದಿ ಇದ್ದೀರಿ. ಅಲ್ಲಿಂದ ಬರುವ ಸಲಹೆಗಳಿಂದ ಒಂದು ಗೊಂದಲ ಹುಟ್ಟಿಕೊಂಡಿದೆ. ಬ್ರಿಟನ್ನಿನಲ್ಲಿ 'ಮುಖ್ಯ ವಾಸದ ಮನೆ' ಎಂಬ ಕಲ್ಪನೆ ಇದೆ. ಅದನ್ನು ಮಾರಿದರೆ ಲಾಭಕ್ಕೆ ತೆರಿಗೆ ಇಲ್ಲ, ಆದರೆ ಒಟ್ಟಿಗೆ ಬಾಳುವ ದಂಪತಿಗೆ ಅಂಥ ಮನೆ ಒಂದೇ. ಅಮೆರಿಕದಲ್ಲಿ ಮಾರಾಟಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ವಾಸವಿದ್ದ ಮನೆಗೆ, ಜಂಟಿ ರಿಟರ್ನ್ ಸಲ್ಲಿಸುವ ದಂಪತಿಗೆ 5 ಲಕ್ಷ ಡಾಲರ್ ವರೆಗಿನ ಲಾಭ ಬಿಟ್ಟುಕೊಡುತ್ತಾರೆ. ಇವೆರಡೂ ಇಲ್ಲಿ ಅನ್ವಯಿಸುವುದಿಲ್ಲ. ನೀವು ಆ ಮನೆಯಲ್ಲಿ ಒಂದು ದಿನವಾದರೂ ಮಲಗಿದ್ದಿರಾ ಎಂದು, ಮನೆ ಮಾರಿ ಮನೆ ಕೊಳ್ಳುವವರಿಗೆ ತೆರಿಗೆ ವಿನಾಯಿತಿ ಕೊಡುವ ನಮ್ಮ 54ನೇ ಕಲಂ ಕೇಳುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೂ ಸರಿ, ಬೀಗ ಹಾಕಿಟ್ಟ ಮನೆಯಾದರೂ ಸರಿ. ಅದು ವಾಸದ ಮನೆಯಾಗಿರಬೇಕು, ನಿಮ್ಮ ಬಳಿ 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದಿರಬೇಕು, ಮಾರಿದ ಲಾಭ ಇನ್ನೊಂದು ವಾಸದ ಮನೆಗೆ ಹೋಗಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಗೊಂದಲ, 'ಎರಡು ಮನೆ ಇಟ್ಟುಕೊಂಡರೆ ತೆರಿಗೆ ಇಲ್ಲವಂತೆ' ಎಂಬುದು. ಅದು ಬಾಡಿಗೆ ಆದಾಯದ ಲೆಕ್ಕ. ಸ್ವಂತ ವಾಸದ್ದೆಂದು ಎರಡು ಮನೆಗಳನ್ನು ತೋರಿಸಿ, ಬಾರದ ಬಾಡಿಗೆಯ ಮೇಲೆ ತೆರಿಗೆ ಕಟ್ಟದೆ ಇರುವ ಅವಕಾಶ 2019ರ ಬಜೆಟ್ಟಿನಿಂದ ಬಂತು. ಅದು ತಲಾ ಎರಡು ಮನೆ. ಮಾರಾಟದ ಲಾಭಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ದರ. 2024ರ ಜುಲೈ 23ರಿಂದ ಮನೆ, ನಿವೇಶನಗಳ ದೀರ್ಘಾವಧಿ ಲಾಭಕ್ಕೆ, ಅಂದರೆ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ್ದರ ಲಾಭಕ್ಕೆ, ಶೇ 12.5 ತೆರಿಗೆ, ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿಕೊಳ್ಳುವ ಹೊಂದಾಣಿಕೆ ಇಲ್ಲ. ಅದಕ್ಕೆ ಮುಂಚೆ ಕೊಂಡ ಆಸ್ತಿಯಾದರೆ ಭಾರತದಲ್ಲೇ ನೆಲೆಸಿರುವ ವ್ಯಕ್ತಿಗಳಿಗೆ ಒಂದು ರಿಯಾಯಿತಿ ಇದೆ. ಹಳೆಯ ಪದ್ಧತಿಯಂತೆ ಸೂಚ್ಯಂಕ ಹಾಕಿ ಶೇ 20ರ ಲೆಕ್ಕವನ್ನೂ ಮಾಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಒಂದು ಲೆಕ್ಕ ಹಾಕೋಣ. 2012–13ರಲ್ಲಿ 40 ಲಕ್ಷಕ್ಕೆ ಕೊಂಡ ಮನೆಯನ್ನು 2025–26ರಲ್ಲಿ 1.30 ಕೋಟಿಗೆ ಮಾರಿದಿರಿ. ನೇರ ಲಾಭ 90 ಲಕ್ಷ, ಶೇ 12.5ರಂತೆ 11.25 ಲಕ್ಷ ತೆರಿಗೆ. ಸೂಚ್ಯಂಕ ಆಗ 200 ಇತ್ತು, 2025–26ಕ್ಕೆ 376. ಹಾಗಾಗಿ ಕೊಂಡ ಬೆಲೆ 75.20 ಲಕ್ಷವೆಂದಾಗುತ್ತದೆ, ಲಾಭ 54.80 ಲಕ್ಷ, ಶೇ 20ರಂತೆ 10.96 ಲಕ್ಷ. ವ್ಯತ್ಯಾಸ 29 ಸಾವಿರ. ಲೆಕ್ಕ ಹಾಕದೆ 'ಹೊಸ ದರವೇ ಒಳ್ಳೆಯದು' ಎನ್ನುವವರ ಮಾತನ್ನು ನಂಬಬೇಡಿ. ಬೆಲೆ ನಿಧಾನವಾಗಿ ಏರಿದ ಬಡಾವಣೆಗಳಲ್ಲಿ ಹಳೆಯ ಪದ್ಧತಿಯೇ ಗೆಲ್ಲುತ್ತದೆ.

ಇದೇ ಮನೆ ಗಂಡ ಹೆಂಡತಿ ಇಬ್ಬರದೂ ಸಮಪಾಲಾಗಿದ್ದರೆ ಏನಾಗುತ್ತಿತ್ತು? ಲಾಭ ತಲಾ 45 ಲಕ್ಷ. ದರ ಒಂದೇ ಆಗಿರುವುದರಿಂದ ಹಂಚಿಕೊಂಡರೂ ಪ್ರಯೋಜನವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಪೂರ್ತಿ ನಿಜವಲ್ಲ. ಯಾವ ವಿನಾಯಿತಿಯನ್ನೂ ಪಡೆಯದಿದ್ದರೆ, 20 ಲಕ್ಷ ಆದಾಯವಿರುವ ಗಂಡನೊಬ್ಬನ ತಲೆಯ ಮೇಲೆ 90 ಲಕ್ಷ ಲಾಭ ಬಿದ್ದಾಗ ಅವನ ಒಟ್ಟು ಆದಾಯ 1 ಕೋಟಿ ದಾಟುತ್ತದೆ, ತೆರಿಗೆಯ ಮೇಲೆ ಶೇ 15ರ ಸರ್‌ಚಾರ್ಜ್ ಬರುತ್ತದೆ. ಹಂಚಿಕೊಂಡರೆ ಗಂಡನಿಗೆ ಶೇ 10, ಬೇರೆ ಆದಾಯವಿಲ್ಲದ ಹೆಂಡತಿ 50 ಲಕ್ಷದ ಗೆರೆಯ ಕೆಳಗೇ ಉಳಿಯುವುದರಿಂದ ಅವಳಿಗೆ ಸರ್‌ಚಾರ್ಜೇ ಇಲ್ಲ. ಜೊತೆಗೆ, ಭಾರತದಲ್ಲಿ ನೆಲೆಸಿರುವ ಹೆಂಡತಿ ತನ್ನ ಮೂಲ ವಿನಾಯಿತಿ ಮಿತಿಯನ್ನು, ಅಂದರೆ ಆದಾಯ ತೆರಿಗೆಯ ಹೊಸ ದರ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದ ಮೊದಲ 4 ಲಕ್ಷವನ್ನು, ಈ ಲಾಭದಿಂದ ಕಳೆಯಬಹುದು. ಅಲ್ಲಿಗೇ ಸುಮಾರು 50 ಸಾವಿರ ಉಳಿಯಿತು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹೆಂಡತಿಯ ಹೆಸರು ಕ್ರಯಪತ್ರದಲ್ಲಿ ಇದ್ದ ಮಾತ್ರಕ್ಕೆ ಈ ಹಂಚಿಕೆ ಸಿಗುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಪತ್ರ ಬರಹಗಾರರು ನಿಮಗೊಂದು ಕರಡು ತೋರಿಸುತ್ತಾರೆ. ನಾವು ಚಕ್ಕುಬಂದಿ ನೋಡುತ್ತೇವೆ, ಅಳತೆ ನೋಡುತ್ತೇವೆ, ತಂದೆಯ ಹೆಸರಿನ ಕಾಗುಣಿತ ನೋಡುತ್ತೇವೆ. ಹಣ ಸಂದಾಯದ ಭಾಗವನ್ನು ಮಾತ್ರ ಯಾರೂ ಓದುವುದಿಲ್ಲ. ಅಲ್ಲಿ ಸಾಮಾನ್ಯವಾಗಿ 'ಖರೀದಿದಾರರು ಸದರಿ ಮೊಬಲಗನ್ನು ಚೆಕ್ ಮೂಲಕ ಸಂದಾಯ ಮಾಡಿರುತ್ತಾರೆ' ಎಂದಿರುತ್ತದೆ. ಯಾವ ಖರೀದಿದಾರರು? ಯಾರ ಖಾತೆಯ ಚೆಕ್? ಇಬ್ಬರ ಪಾಲು ಎಷ್ಟೆಷ್ಟು? ಒಂದೂ ಇರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಪ್ರಕಾರ ಜಂಟಿಯಾಗಿ ಕೊಂಡವರ ಪಾಲು ಅವರವರು ಹಾಕಿದ ಹಣಕ್ಕೆ ತಕ್ಕಂತೆ ಇರುತ್ತದೆ. ಯಾರು ಎಷ್ಟು ಹಾಕಿದರೆಂಬುದಕ್ಕೆ ಸಾಕ್ಷ್ಯವೇ ಇಲ್ಲದಿದ್ದರೆ ಮಾತ್ರ ಸಮಪಾಲು ಎಂದು ಭಾವಿಸಲಾಗುತ್ತದೆ. ಎಲ್ಲ ಚೆಕ್ಕುಗಳೂ ಗಂಡನ ಸಂಬಳದ ಖಾತೆಯಿಂದ ಹೋಗಿದ್ದು, ಹೆಂಡತಿಯ ಹೆಸರು 'ಇರಲಿ, ಮುಂದೆ ಅನುಕೂಲ' ಎಂದು ಸೇರಿದ್ದರೆ, ತೆರಿಗೆ ಅಧಿಕಾರಿ ಪೂರ್ತಿ ಲಾಭವನ್ನು ಗಂಡನ ಲೆಕ್ಕಕ್ಕೆ ಬರೆದಾಗ ನಿಮ್ಮ ಬಳಿ ಹೇಳಲು ಹೆಚ್ಚೇನೂ ಇರುವುದಿಲ್ಲ.

'ನಾನು ಅವಳಿಗೆ ಅರ್ಧ ದಾನ ಕೊಟ್ಟಿದ್ದೇನೆ ಅಂದುಕೊಳ್ಳಿ' ಎಂದು ಒಬ್ಬರು ಈಗ ತಾನೇ ಹೇಳಿದರು. ಧಾರಾಳವಾಗಿ ಕೊಡಿ. ಗಂಡ ಹೆಂಡತಿಯ ನಡುವಿನ ಉಡುಗೊರೆಗೆ ಪಡೆದವರೂ ತೆರಿಗೆ ಕಟ್ಟಬೇಕಿಲ್ಲ, ಕೊಟ್ಟವರೂ ಕಟ್ಟಬೇಕಿಲ್ಲ. ನೋಂದಾಯಿತ ದಾನಪತ್ರದ ಮೂಲಕ ಮನೆಯನ್ನೇ ಕೊಟ್ಟರೂ ಅದು ಬಂಡವಾಳ ಲಾಭದ ಲೆಕ್ಕಕ್ಕೆ ವರ್ಗಾವಣೆ ಎನಿಸುವುದಿಲ್ಲ. ಆದರೆ ಕೊಟ್ಟದ್ದರಿಂದ ಮುಂದೆ ಹುಟ್ಟುವ ಆದಾಯದ ಬೆನ್ನಿಗೆ 64ನೇ ಕಲಂ ನಿಂತಿದೆ. ತಕ್ಕ ಪ್ರತಿಫಲವಿಲ್ಲದೆ ಬಾಳಸಂಗಾತಿಗೆ ಕೊಟ್ಟ ಆಸ್ತಿಯಿಂದ ಬರುವ ಆದಾಯವನ್ನು ಕೊಟ್ಟವರ ಆದಾಯಕ್ಕೇ ಸೇರಿಸಬೇಕು. ಬಾಡಿಗೆಗೂ ಹೀಗೇ, ಮಾರಿದಾಗಿನ ಲಾಭಕ್ಕೂ ಹೀಗೇ. ಮನೆಯ ಬದಲು ಹಣ ಕೊಟ್ಟು, ಆ ಹಣದಲ್ಲಿ ಅವರು ಮನೆ ಕೊಂಡರೂ ತಪ್ಪಿಸಿಕೊಳ್ಳಲಾಗದು. ನನ್ನ ಬಳಿ ಬರುವವರಲ್ಲಿ ಹಲವರು ಮಾರಾಟದ ಮಾತುಕತೆ ಮುಗಿದ ಮೇಲೆ 'ತಕ್ಷಣ ಒಂದು ದಾನಪತ್ರ ಮಾಡಿಸಿ ಅರ್ಧ ಅವಳ ಹೆಸರಿಗೆ ಹಾಕಲೇ' ಎಂದು ಕೇಳುತ್ತಾರೆ. ಮುದ್ರಾಂಕ ಶುಲ್ಕ, ಓಡಾಟ ಎರಡೂ ದಂಡ. ತೆರಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಕಾನೂನಿನ ಒಂದು ತಮಾಷೆಯನ್ನು ಇಲ್ಲಿ ಹೇಳದೆ ಇರಲಾರೆ. ಈ ಸೇರಿಸುವ ನಿಯಮ ಅನ್ವಯಿಸಬೇಕಾದರೆ ಆಸ್ತಿ ಕೊಡುವಾಗಲೂ ಇಬ್ಬರು ಗಂಡ ಹೆಂಡತಿ ಆಗಿರಬೇಕು, ಆದಾಯ ಬರುವಾಗಲೂ ಆಗಿರಬೇಕು. ಮದುವೆಗೆ ಮುನ್ನ ಕೊಟ್ಟದ್ದಕ್ಕೆ ಇದು ತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1963ರಷ್ಟು ಹಿಂದೆಯೇ ತೀರ್ಪು ಕೊಟ್ಟಿದೆ. ಹಾಗಾದರೆ ನಿಶ್ಚಿತಾರ್ಥದ ದಿನವೇ ಕೊಟ್ಟುಬಿಡೋಣ ಎನ್ನುತ್ತೀರಾ? ತಾಳಿ ಕಟ್ಟುವ ತನಕ ಆಕೆ ಕಾಯ್ದೆಯ ಪ್ರಕಾರ ನಿಮ್ಮ ಸಂಬಂಧಿಯೇ ಅಲ್ಲ. ಹೊರಗಿನವರಿಂದ ವರ್ಷಕ್ಕೆ 50 ಸಾವಿರ ಮೀರಿದ ಉಡುಗೊರೆ ಬಂದರೆ ಪಡೆದವರಿಗೆ ತೆರಿಗೆ. ಮದುವೆಯ ಸಂದರ್ಭದ ಉಡುಗೊರೆಗೆ ವಿನಾಯಿತಿ ಇದೆ, ಆದರೆ ಮದುವೆಗೆ ಎಷ್ಟು ಮುಂಚಿನದು ಮದುವೆಯ ಸಂದರ್ಭದ್ದು ಎಂದು ಅಧಿಕಾರಿಯ ಜೊತೆ ವಾದಕ್ಕೆ ಕೂರಬೇಕಾಗುತ್ತದೆ. ಹೊಸ ದಾಂಪತ್ಯಕ್ಕೆ ಅಂಥ ಆರಂಭ ಬೇಡ.

ಹಾಗಾದರೆ ಹೆಂಡತಿಯ ಪಾಲು ಗಟ್ಟಿಯಾಗುವುದು ಹೇಗೆ? ಅವಳದೇ ಹಣದಿಂದ. ಅವಳ ಸಂಬಳ, ಅವಳ ಖಾತೆಯಿಂದ ಹೋದ ಸಾಲದ ಕಂತು, ತವರಿನಿಂದ ಬಂದ ಪಾಲು, ತವರಿನವರು ಹಾಕಿದ ಒಡವೆ ಮಾರಿ ಬಂದ ಹಣ, ಇವೆಲ್ಲ ಅವಳದೇ. ಗಂಡನಿಂದ ನಿಜವಾದ ಸಾಲವಾಗಿ ಪಡೆದು, ಬಡ್ಡಿ ಕಟ್ಟುತ್ತ ತೀರಿಸಿದರೂ ನಡೆಯುತ್ತದೆ. ಕಾಗದದ ಮೇಲೆ ಮಾತ್ರ ಇರುವ ಸಾಲ ನಡೆಯುವುದಿಲ್ಲ. ಒಡವೆ ಮಾರಿದ್ದರೆ ಅಂಗಡಿಯ ರಸೀದಿ ಬೇಕು, ಹಣ ಮೊದಲು ಅವಳ ಖಾತೆಗೆ ಬಂದು ಅಲ್ಲಿಂದ ಮಾರುವವರಿಗೆ ಹೋಗಬೇಕು. ಇಬ್ಬರ ಹೆಸರಿನ ಜಂಟಿ ಖಾತೆಗೆ ಎಲ್ಲವನ್ನೂ ಸುರಿದು ಅಲ್ಲಿಂದ ಒಂದೇ ಚೆಕ್ ಬರೆದರೆ, ಹದಿನೈದು ವರ್ಷದ ಮೇಲೆ ಯಾವುದು ಯಾರದೆಂದು ಬಿಡಿಸಿ ಹೇಳಲು ನಿಮ್ಮಿಂದಲೂ ಆಗದು. ಕ್ರಯಪತ್ರದಲ್ಲಿ ಚೆಕ್ ಸಂಖ್ಯೆ, ಬ್ಯಾಂಕು, ಯಾರ ಖಾತೆ ಎಂಬುದನ್ನೂ, ಪಾಲಿನ ಪ್ರಮಾಣವನ್ನೂ ಬರೆಸಿ. ಪತ್ರ ಬರಹಗಾರರು ಗೊಣಗಬಹುದು, ಬರೆಸಿ.

ಇನ್ನು ವಿನಾಯಿತಿಗೆ ಬರೋಣ. ಮನೆ ಮಾರಿ ಮನೆ ಕೊಳ್ಳುವವರಿಗೆ 54ನೇ ಕಲಂ. ಮಾರುವುದಕ್ಕೆ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಕಟ್ಟಿ ಮುಗಿಸಬೇಕು. ಲಾಭದಷ್ಟನ್ನು ಹಾಕಿದರೆ ಸಾಕು, ಮಾರಿದ ಪೂರ್ತಿ ಹಣ ಬೇಕಿಲ್ಲ. ನಿಮಗೆ ಬೇರೆ ಎಷ್ಟು ಮನೆಗಳಿವೆ ಎಂದು ಈ ಕಲಂ ಕೇಳುವುದಿಲ್ಲ. ಎರಡು ಮನೆಯ ದಂಪತಿ ಒಂದನ್ನು ಮಾರಿ ಮೂರನೆಯದನ್ನು ಕೊಂಡರೂ ಸರಿ. ತಲಾ 10 ಕೋಟಿಯ ಮಿತಿ 2023ರಲ್ಲಿ ಬಂದಿದೆ. ಆ ಚಿಂತೆ ಇರುವವರು ಈ ಸಭೆಯಲ್ಲಿ ಇದ್ದಂತೆ ಕಾಣುವುದಿಲ್ಲ. ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಪಡೆದ ವಿನಾಯಿತಿ ಹಿಂದಿರುಗಿ ಕೈ ಕಚ್ಚುತ್ತದೆ.

ಇಲ್ಲಿ ದಂಪತಿಗಳು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಮೊದಲ ಮನೆ ಮಾರಿ, ಆ ಹಣದಲ್ಲಿ ಎರಡನೆಯ ಮನೆಯ ಬ್ಯಾಂಕ್ ಸಾಲ ತೀರಿಸುತ್ತಾರೆ. 'ಮನೆಗೇ ತಾನೇ ಹಾಕಿದ್ದು' ಎನ್ನುತ್ತಾರೆ. ಎರಡನೆಯ ಮನೆ ಮಾರಾಟಕ್ಕೆ ಹಿಂದಿನ ಒಂದು ವರ್ಷದೊಳಗೆ ಕೊಂಡದ್ದಾಗಿದ್ದರೆ ವಿನಾಯಿತಿ ಉಂಟು. ಆರು ವರ್ಷದ ಹಿಂದೆ ಕೊಂಡದ್ದಾದರೆ ಇಲ್ಲ. ಸಾಲ ತೀರಿಸುವುದು ಒಳ್ಳೆಯ ಕೆಲಸ, ಅದಕ್ಕೆ 54ನೇ ಕಲಂನಲ್ಲಿ ಬಹುಮಾನವಿಲ್ಲ ಅಷ್ಟೇ.

ಇಬ್ಬರೂ ತಂತಮ್ಮ ಮನೆಗಳನ್ನು ಮಾರಿ, ಎರಡೂ ಲಾಭ ಸೇರಿಸಿ ಒಂದೇ ದೊಡ್ಡ ಮನೆಯನ್ನು ಜಂಟಿಯಾಗಿ ಕೊಳ್ಳಬಹುದೇ ಎಂದು ಒಬ್ಬ ತಾಯಿ ಕೇಳಿದರು. ಕೊಳ್ಳಬಹುದು, ಅವರವರು ಹಾಕಿದ್ದಕ್ಕೆ ಅವರವರಿಗೆ ವಿನಾಯಿತಿ. ಇದರ ತಿರುಗುಮುರುಗೂ ಉಂಟು. ಹಳೆಯ ದೊಡ್ಡ ಮನೆ ಮಾರಿ ಇಬ್ಬರು ಮಕ್ಕಳ ಅನುಕೂಲಕ್ಕೆಂದು ಎರಡು ಫ್ಲ್ಯಾಟ್ ಕೊಳ್ಳುವವರು. ಹಿಂದೆ ಕಾಯ್ದೆಯಲ್ಲಿ 'ಒಂದು' ಎಂದು ಖಚಿತವಾಗಿ ಇರಲಿಲ್ಲ. ಬಿಲ್ಡರ್ ಜೊತೆಗಿನ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಜಾಗದ ಮಾಲೀಕರಿಗೆ ಬಂದ ನಾಲ್ಕು ಫ್ಲ್ಯಾಟುಗಳಿಗೂ ಕರ್ನಾಟಕ ಹೈಕೋರ್ಟ್ ವಿನಾಯಿತಿ ಕೊಟ್ಟಿತ್ತು. 2014ರ ತಿದ್ದುಪಡಿ ಆ ಬಾಗಿಲು ಮುಚ್ಚಿ, ಭಾರತದಲ್ಲಿರುವ ಒಂದೇ ಮನೆ ಎಂದಿತು. ಮತ್ತೆ 2019ರಲ್ಲಿ ಒಂದು ಕಿಟಕಿ ತೆರೆಯಿತು. ಲಾಭ 2 ಕೋಟಿ ಮೀರದಿದ್ದರೆ ಎರಡು ಮನೆ ಕೊಳ್ಳಬಹುದು, ಆದರೆ ಜೀವನದಲ್ಲಿ ಒಮ್ಮೆ ಮಾತ್ರ. ಈ 2 ಕೋಟಿ ಒಬ್ಬೊಬ್ಬರ ಲಾಭದ ಮಿತಿ. ಆ 'ಒಮ್ಮೆ'ಯನ್ನು ಸಣ್ಣ ಲಾಭಕ್ಕೆ ಖರ್ಚು ಮಾಡಬೇಡಿ.

ಹೊಸ ಮನೆಯ ಪತ್ರ ಯಾರ ಹೆಸರಿಗೆ? ಮಾರಿದವರು ಹೆಂಡತಿ, ಪೂರ್ತಿ ಹಣ ಅವರದೇ, ಹೊಸ ಮನೆಯ ಪತ್ರದಲ್ಲಿ ಗಂಡನ ಹೆಸರೂ ಇದೆ. ಇಂಥ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೆಂಡತಿಗೆ ಪೂರ್ತಿ ವಿನಾಯಿತಿ ಕೊಟ್ಟಿದೆ. ಹೆಸರು ಸೇರಿಸಿದ ಮಾತ್ರಕ್ಕೆ ಅರ್ಧ ಕಡಿತ ಮಾಡಬೇಡಿ, ಹಣ ಯಾರದೆಂದು ನೋಡಿ ಎಂಬುದು ಅದರ ಸಾರ. ಗಂಡ ಮಾರಿ ಹೊಸದನ್ನು ಪೂರ್ತಿಯಾಗಿ ಹೆಂಡತಿಯ ಹೆಸರಿಗೆ ಮಾತ್ರ ಕೊಂಡಾಗ? 2006ರಲ್ಲಿ ಮದ್ರಾಸ್ ಹೈಕೋರ್ಟ್, 2013ರಲ್ಲಿ ದೆಹಲಿ ಹೈಕೋರ್ಟ್ ವಿನಾಯಿತಿ ಕೊಟ್ಟಿವೆ. ಕೃಷಿ ಜಮೀನಿನ ಇಂಥದೇ ಪ್ರಶ್ನೆಯಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಒಲ್ಲೆ ಎಂದಿದೆ. ಹೈಕೋರ್ಟುಗಳೇ ಜಗಳವಾಡುವ ಜಾಗದಲ್ಲಿ ನಾವು ಹೋಗಿ ನಿಲ್ಲುವುದೇಕೆ? ಮಾರಿದವರ ಹೆಸರು ಹೊಸ ಪತ್ರದಲ್ಲಿ ಇರಲೇಬೇಕು, ಬೇಕಿದ್ದರೆ ಮತ್ತೊಬ್ಬರ ಹೆಸರನ್ನು ಜೊತೆಗೆ ಸೇರಿಸಿ ಎನ್ನುವುದು ನನ್ನ ಸಲಹೆ.

ಇಷ್ಟರ ತನಕ ಎರಡೂ ಹೆಸರು ಸೇರಿಸುವುದರ ಲಾಭ ಹೇಳಿದೆ. ಇನ್ನು ಅದರ ಕೇಡು. ನನ್ನ ದೃಷ್ಟಿಯಲ್ಲಿ ಇವತ್ತಿನ ಮಾತಿನಲ್ಲಿ ಅತಿ ಮುಖ್ಯವಾದದ್ದು ಇದೇ.

ನಮ್ಮಲ್ಲಿ ಎರಡು ಮನೆ ಇರುವ ದಂಪತಿಗಳಿಗೆ ಒಂದು ಸೈಟೂ ಇರುತ್ತದೆ. ಯಾವಾಗಲೋ ಸೊಸೈಟಿಯಲ್ಲಿ ಕೊಂಡದ್ದು, ಮಗಳ ಮದುವೆಗೆಂದು ಇಟ್ಟದ್ದು. ಸೈಟು ಮಾರಿದರೆ 54ನೇ ಕಲಂ ಸಿಗುವುದಿಲ್ಲ, ಏಕೆಂದರೆ ಮಾರಿದ್ದು ಮನೆಯಲ್ಲ. ಅದಕ್ಕೆ 54ಎಫ್ ಇದೆ. ಇದು ಹೆಚ್ಚು ಬಿಗಿ. ಲಾಭವನ್ನಷ್ಟೇ ಅಲ್ಲ, ಮಾರಾಟದಿಂದ ಬಂದ ನಿವ್ವಳ ಹಣವನ್ನೆಲ್ಲ ಹೊಸ ಮನೆಗೆ ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. ಜೊತೆಗೆ, ಸೈಟು ಮಾರಿದ ದಿನ ನಿಮ್ಮ ಒಡೆತನದಲ್ಲಿ, ಹೊಸ ಮನೆಯನ್ನು ಬಿಟ್ಟು, ಒಂದಕ್ಕಿಂತ ಹೆಚ್ಚು ವಾಸದ ಮನೆ ಇರಕೂಡದು.

ಈಗ ಎರಡು ಕುಟುಂಬಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲ ಕುಟುಂಬದಲ್ಲಿ ಒಂದು ಮನೆ ಗಂಡನ ಹೆಸರಿಗೆ, ಇನ್ನೊಂದು ಹೆಂಡತಿಯ ಹೆಸರಿಗೆ. ಇಬ್ಬರಿಗೂ ಒಂದೊಂದೇ ಮನೆ. ಸೈಟು ಯಾರ ಹೆಸರಿನಲ್ಲಿದ್ದರೂ 54ಎಫ್ ಬಾಗಿಲು ತೆರೆದಿದೆ. ಎರಡನೆಯ ಕುಟುಂಬದಲ್ಲಿ ಎರಡೂ ಮನೆಗಳು ಜಂಟಿ ಹೆಸರಿನಲ್ಲಿವೆ. ಆಸ್ತಿ ಅಷ್ಟೇ, ಹಣ ಅಷ್ಟೇ. ಆದರೆ ಗಂಡನಿಗೆ ಎರಡು ಮನೆಗಳಲ್ಲಿ ಪಾಲು, ಹೆಂಡತಿಗೂ ಎರಡು ಮನೆಗಳಲ್ಲಿ ಪಾಲು. ಅರ್ಧ ಮತ್ತು ಅರ್ಧ ಸೇರಿದರೆ ಒಂದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. 2014ರಲ್ಲಿ ಕರ್ನಾಟಕ ಹೈಕೋರ್ಟ್, ಪಾಲುದಾರಿಕೆಯ ಒಡೆತನವೂ ಒಡೆತನವೇ, ಎರಡು ಮನೆಗಳಲ್ಲಿ ಪಾಲಿದ್ದರೆ 54ಎಫ್ ಇಲ್ಲ ಎಂದಿತು. ಮದ್ರಾಸ್ ಹೈಕೋರ್ಟ್ 2012ರಲ್ಲೇ ಇದಕ್ಕೆ ಎದುರಾಗಿ, ಗಂಡನ ಜೊತೆಗಿನ ಜಂಟಿ ಒಡೆತನ ಹೆಂಡತಿಯ ವಿನಾಯಿತಿಗೆ ಅಡ್ಡಿಯಲ್ಲ ಎಂದಿತ್ತು. ನಾವು ತೆರಿಗೆ ಕಟ್ಟುವುದು ಕರ್ನಾಟಕದಲ್ಲಿ. ಇಲ್ಲಿಯ ಅಧಿಕಾರಿ ಅನುಸರಿಸುವುದು ಇಲ್ಲಿಯ ತೀರ್ಪನ್ನು.

'ಎಲ್ಲಕ್ಕೂ ಇಬ್ಬರ ಹೆಸರೂ ಇರಲಿ' ಎಂಬ ಮಾತು ಕುಟುಂಬದ ದೃಷ್ಟಿಯಿಂದ ಚೆನ್ನಾಗಿದೆ, ಹೆಣ್ಣಿನ ಭದ್ರತೆಯ ದೃಷ್ಟಿಯಿಂದ ಇನ್ನೂ ಚೆನ್ನಾಗಿದೆ. ತೆರಿಗೆ ಉಳಿಸಲೆಂದು ಹೆಂಡತಿಯ ಹೆಸರನ್ನು ಪತ್ರದಿಂದ ಹೊರಗಿಡಿ ಎಂದು ನಾನು ಎಂದೂ ಹೇಳುವುದಿಲ್ಲ. ಎರಡು ಮನೆಗಳಿದ್ದು ಇಬ್ಬರ ಬಳಿಯೂ ಸ್ವಂತ ಹಣವಿದ್ದರೆ, ಒಂದು ಪೂರ್ತಿಯಾಗಿ ಅವಳದು, ಒಂದು ಪೂರ್ತಿಯಾಗಿ ಅವನದು ಎಂದು ಮಾಡಿಕೊಂಡರೆ ಭದ್ರತೆಗೂ ಕೊರತೆಯಿಲ್ಲ, 54ಎಫ್‌ಗೂ ಧಕ್ಕೆಯಿಲ್ಲ.

ವಿಧವೆಯರ ವಿಷಯದಲ್ಲಿ ಇದೇ ನಿಯಮ ಇನ್ನೂ ಕಠಿಣವಾಗಿ ಬಡಿಯುತ್ತದೆ. ಒಂದೊಂದು ಮನೆ ಇಟ್ಟುಕೊಂಡಿದ್ದ ದಂಪತಿಯಲ್ಲಿ ಗಂಡ ತೀರಿಕೊಂಡರೆ, ಉಯಿಲು ಇಲ್ಲದಿದ್ದಾಗ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಅವನ ಮನೆಯಲ್ಲಿ ಪಾಲು ಬರುತ್ತದೆ. ಹೆಂಡತಿಗೆ ಸ್ವಂತದ್ದೊಂದು ಮನೆ ಇದ್ದೇ ಇದೆ, ಈಗ ಇನ್ನೊಂದರಲ್ಲಿ ಪಾಲು ಸೇರಿತು. ಮರುವರ್ಷ ಸೈಟು ಮಾರಿದರೆ 54ಎಫ್ ಇಲ್ಲ. ಮಕ್ಕಳಿಗೂ ಇದೇ ತೊಡಕು, ಅವರಿಗೆ ಆಗಲೇ ಸ್ವಂತ ಮನೆ ಇದ್ದರೆ. ಗಂಡನ ಮನೆ ಯಾರಿಗೆ ಹೋಗಬೇಕೆಂದು ಉಯಿಲಿನಲ್ಲಿ ಬರೆದಿಡುವಾಗ ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಾಗೆಂದು ತೆರಿಗೆಯೊಂದನ್ನೇ ನೋಡಿ, ಹೆಂಡತಿಯನ್ನು ಮಕ್ಕಳ ಮನೆಯ ಅತಿಥಿ ಮಾಡಿ ಹೋಗಬೇಡಿ.

ಪಿತ್ರಾರ್ಜಿತವಾಗಿ ಅಥವಾ ದಾನವಾಗಿ ಬಂದ ಮನೆಗೆ ಕೊಂಡ ಬೆಲೆ ಯಾವುದು? ಹಿಂದಿನ ಒಡೆಯರು ಕೊಟ್ಟ ಬೆಲೆಯೇ ನಿಮ್ಮ ಬೆಲೆ, ಅವರು ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಕಾಲಕ್ಕೆ ಸೇರುತ್ತದೆ. ಗಂಡ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ ಹಿಡಿಯುವುದು ಅಮೆರಿಕದ ಪದ್ಧತಿ, ಇಲ್ಲಿಯದಲ್ಲ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಮೌಲ್ಯ ಹಿಡಿಯಬಹುದು, ಆದರೆ ಅದು ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಆ ದಿನದ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಮಾರುವಾಗಲೂ ಮಾರ್ಗಸೂಚಿ ದರದ ಕಡೆ ಒಂದು ಕಣ್ಣಿರಲಿ. ಪತ್ರದಲ್ಲಿ ತೋರಿಸಿದ ಬೆಲೆಗಿಂತ ಅದು ಶೇ 10ಕ್ಕೂ ಹೆಚ್ಚಿದ್ದರೆ, ನಿಮ್ಮ ಕೈಗೆ ಬಂದದ್ದು ಎಷ್ಟೇ ಇರಲಿ, ಲಾಭದ ಲೆಕ್ಕ ಆ ದರದ ಮೇಲೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದರ ಏರಿದ ಮೇಲೆ ಹಲವರಿಗೆ ಈ ಬಿಸಿ ತಟ್ಟಿದೆ.

ಮನೆಯೇ ಬೇಡ ಎನ್ನುವವರಿಗೆ, ಲಾಭವನ್ನು ಹಾಕಿ ವಿನಾಯಿತಿ ಪಡೆಯಲು 54ಇಸಿ ಬಾಂಡುಗಳಿವೆ. ಆರು ತಿಂಗಳೊಳಗೆ ಹಾಕಬೇಕು, ತಲಾ 50 ಲಕ್ಷದ ಮಿತಿ, ಐದು ವರ್ಷ ಮುಟ್ಟುವಂತಿಲ್ಲ, ಬಡ್ಡಿಗೆ ತೆರಿಗೆ ಉಂಟು. ಜಂಟಿ ಮನೆ ಮಾರಿದ ದಂಪತಿ ತಲಾ 50ರಂತೆ 1 ಕೋಟಿ ಹಾಕಬಹುದು. ವಯಸ್ಸಾದವರಿಗೆ, ಮತ್ತೆ ಕಟ್ಟಡದ ಗೋಜು ಬೇಡವೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬಡ್ಡಿ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಮಾರಾಟದ ದಿನದ ಕಾಗದಪತ್ರದ ಬಗ್ಗೆ ಚುಟುಕಾಗಿ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ತೆರಿಗೆ ಮುರಿದುಕೊಂಡು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. 80 ಲಕ್ಷದ ಮನೆಯಲ್ಲಿ ನಮ್ಮ ಪಾಲು ತಲಾ 40 ತಾನೇ ಎಂಬ ವಾದ 2024ರ ಅಕ್ಟೋಬರಿನಿಂದ ನಡೆಯುವುದಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಮಾರುವವರು ಇಬ್ಬರು, ಕೊಳ್ಳುವವರು ಇಬ್ಬರು ಆದಾಗ ಇದುವರೆಗೆ 26ಕ್ಯೂಬಿ ಎಂದು ಕರೆಯುತ್ತಿದ್ದ ನಮೂನೆಯನ್ನು ನಾಲ್ಕು ಸಲ ತುಂಬಬೇಕಿತ್ತು, ಒಬ್ಬೊಬ್ಬ ಕೊಳ್ಳುವವರು ಒಬ್ಬೊಬ್ಬ ಮಾರುವವರಿಗೆ ಒಂದರಂತೆ. ಅವಸರದಲ್ಲಿ ಪೂರ್ತಿ ಹಣವನ್ನು ಗಂಡನ ಪ್ಯಾನ್‌ಗೆ ಕಟ್ಟಿಬಿಟ್ಟರೆ, ಹೆಂಡತಿಯ ಪಾಲಿನ ತೆರಿಗೆಗೆ ಜಮೆ ಸಿಗದೆ ಆಮೇಲೆ ಪರದಾಟ. ಎಲ್ಲ ಸರಿಯಾಗಿ ಮಾಡಿದ್ದರೂ ಕೆಲವೊಮ್ಮೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಇಬ್ಬರ ಹೆಸರಿನಲ್ಲೂ ಪೂರ್ತಿ ಮಾರಾಟ ಬೆಲೆ ಕಾಣಿಸುತ್ತದೆ. ಗಾಬರಿಯಾಗಬೇಡಿ, ಅಲ್ಲೇ ಪ್ರತಿಕ್ರಿಯೆ ದಾಖಲಿಸಿ ನಿಮ್ಮ ಪಾಲೆಷ್ಟೆಂದು ತಿಳಿಸಿ, ರಿಟರ್ನ್‌ನಲ್ಲಿ ಪಾಲನ್ನಷ್ಟೇ ತೋರಿಸಿ.

ರಿಟರ್ನ್ ಸಲ್ಲಿಸುವ ಗಡುವು ಬಂದರೂ ಹೊಸ ಮನೆ ಸಿಕ್ಕಿರದಿದ್ದರೆ, ಬಳಸದೆ ಉಳಿದ ಹಣವನ್ನು 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಬ್ಯಾಂಕಿನಲ್ಲಿ ಇಡಬೇಕು. ಮಾಮೂಲಿ ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಇಟ್ಟರೆ ಲೆಕ್ಕಕ್ಕಿಲ್ಲ. ಜಂಟಿ ಮನೆ ಮಾರಿದ ದಂಪತಿ ತಂತಮ್ಮ ಹೆಸರಿಗೆ ಬೇರೆ ಬೇರೆ ಖಾತೆ ತೆರೆಯಬೇಕು. ಗಡುವಿನೊಳಗೆ ಮನೆ ಕೊಳ್ಳದಿದ್ದರೆ, ಉಳಿದ ಹಣಕ್ಕೆ ಆಗ ತೆರಿಗೆ.

ಕೊನೆಯ ಸಾಲಿನಲ್ಲಿ ಕುಳಿತ ಹಿರಿಯರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಯೊಂದು ಉಳಿದಿದೆ. ಆ ಖಾತೆಯಲ್ಲಿ ಹಣ ಇಟ್ಟು, ಮನೆ ಕೊಳ್ಳುವ ಮುನ್ನವೇ ನಾನು ತೀರಿಕೊಂಡರೆ ಅದರ ತೆರಿಗೆ ನನ್ನ ಹೆಂಡತಿಯ ತಲೆಗೆ ಬರುತ್ತದೆಯೇ ಎಂದು ಕೇಳಿದ್ದಾರೆ. ಬರುವುದಿಲ್ಲ. ಅಂಥ ಸಂದರ್ಭದಲ್ಲಿ ಬಳಸದೆ ಉಳಿದ ಮೊತ್ತಕ್ಕೆ ವಾರಸುದಾರರ ಕೈಯಲ್ಲಿ ತೆರಿಗೆ ಇಲ್ಲ ಎಂದು ನೇರ ತೆರಿಗೆ ಮಂಡಳಿ 1996ರ 743ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಖಾತೆ ತೆರೆಯುವಾಗ ನಾಮನಿರ್ದೇಶನದ ನಮೂನೆಯನ್ನೂ ತುಂಬಿ, ಬ್ಯಾಂಕಿನಿಂದ ಸ್ವೀಕೃತಿ ಪಡೆದು ಹೆಂಡತಿಯ ಕೈಗೆ ಕೊಟ್ಟಿರಿ.